ಅವ್ವ ಕಡಲಿಗೆ ತಂದ ಬಾಗಿನ

ಫೋನ್ ಎತ್ತಿದ ಕೂಡಲೇ ಅವ್ವ ಊಟ ಆಯ್ತಾ ಅಂತ ಕೇಳುತ್ತಿರಲಿಲ್ಲ. "ಎಲ್ಲಿದ್ದೀಯೆ ಮಗ, ನೆಲದ ಮ್ಯಾಲೋ ನೀರಿನ ಮ್ಯಾಲೋ?" ಅನ್ನುವುದೇ ಅವಳ ಮೊದಲ ಮಾತು. ನೀರಿನ ಮೇಲೆ ಅಂದೆನೋ, ಮುಗಿಯಿತು. "ದಡಕ್ಕೆ ಬಂದ್ಮೇಲೆ ಮಾಡು" ಅಂತ ಇಟ್ಟೇಬಿಡುತ್ತಿದ್ದಳು. ನಾನು ಇರುವುದೇ ನೀರಿನ ಮೇಲೆ, ಉಣ್ಣುವುದು ಮಲಗುವುದು ಎಲ್ಲ ದೋಣಿಯಲ್ಲೇ ಎಂದು ಎಷ್ಟು ಸಲ ಹೇಳಿದರೂ ಅದು ಅವಳ ಕಿವಿಗೆ ಹೋಗುತ್ತಿರಲಿಲ್ಲ. ಹಾಗಾಗಿ ಅವ್ವನ ಜೊತೆ ನಾಲ್ಕು ಮಾತಾಡಬೇಕೆಂದರೆ ನಾನು ದೋಣಿಯಿಂದ ಇಳಿದು, ದೋಣಿಗಳು ತಂಗುವ ಮರೀನಾದ ಗೇಟು ದಾಟಿ, ರಸ್ತೆ ಪಕ್ಕದ ಬೆಂಚಿನ ಮೇಲೆ ಕೂತು ಫೋನ್ ಮಾಡುತ್ತಿದ್ದೆ. ಮಳೆ ಬಂದರೆ ನೆನೆಯುತ್ತಲೇ ಮಾತಾಡುತ್ತಿದ್ದೆ.

ನಾನು ಮಂಡ್ಯದವಳು. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮದು ಮುದ್ದೆ ಊಟದ ಮೆಸ್ಸು. ಅಡುಗೆ ಅವ್ವಂದು, ಗಲ್ಲಾ ಅಪ್ಪಂದು. ಓದಲಿಕ್ಕೆಂದು ನ್ಯೂಜಿಲೆಂಡಿಗೆ ಬಂದು, ಮನುಕಾವ್‌ನ ಪಾಲಿಟೆಕ್ನಿಕ್‌ನಲ್ಲಿ ಕೋರ್ಸು ಮುಗಿಸಿ, ಆಕ್ಲೆಂಡಿನ ಒಂದು ಆಫೀಸು ಸೇರಿದೆ. ಕೆಲಸ ಕೆಟ್ಟದ್ದೇನಲ್ಲ. ಆದರೆ ಬೆಳಗ್ಗೆ ಕೂತ ಕುರ್ಚಿಯಿಂದ ಸಂಜೆ ಏಳುವಾಗ, ಇವತ್ತು ನಾನು ಬದುಕಿದ್ದೆನಾ ಅಂತ ನನಗೇ ಅನುಮಾನ ಬರುತ್ತಿತ್ತು. ಒಂದು ಶನಿವಾರ ಆಫೀಸಿನವರೊಬ್ಬರು ತಮ್ಮ ಹಾಯಿದೋಣಿಗೆ ಕರೆದರು. ಬಂದರಿನಿಂದ ಹೊರಗೆ ಬರುವ ತನಕ ಎಂಜಿನ್ ಗುಡುಗುಡು ಅನ್ನುತ್ತಿತ್ತು. ಆಮೇಲೆ ಹಾಯಿ ಏರಿಸಿ ಎಂಜಿನ್ ಆರಿಸಿದರು. ಸದ್ದು ನಿಂತಿತು, ದೋಣಿ ನಿಲ್ಲಲಿಲ್ಲ. ಯಾರೂ ತಳ್ಳುತ್ತಿಲ್ಲ, ಏನೂ ಉರಿಯುತ್ತಿಲ್ಲ, ಅಷ್ಟು ಭಾರದ ದೋಣಿ ಗಾಳಿಗೆ ಒಂದು ಮಗ್ಗುಲಾಗಿ ಮಾತಿಲ್ಲದೆ ಮುಂದೆ ಹೋಗುತ್ತಿದೆ! ನಾನು ಮುಂಬದಿಯಲ್ಲಿ ಕೂತು ಕಣ್ಣೊರೆಸಿಕೊಂಡೆ. ಯಾಕೆ ಅಳುತ್ತೀ ಅಂತ ಯಾರೋ ಕೇಳಿದರು. ಗಾಳಿಗೆ ಅಂದೆ.

ಆಗ ನನಗೆ ಈಜು ಬರುತ್ತಿರಲಿಲ್ಲ. ಮಂಡ್ಯದ ಸುತ್ತ ಎಲ್ಲಿ ನೋಡಿದರೂ ನಾಲೆ, ಕೆರೆ, ಆದರೆ ನನ್ನನ್ನು ಅವ್ವ ನೀರಿನ ಹತ್ತಿರ ಸುಳಿಯಲೂ ಬಿಟ್ಟವಳಲ್ಲ. ಇಲ್ಲಿಯ ಈಜುಕೊಳದಲ್ಲಿ ದೊಡ್ಡವರ ತರಗತಿಯಲ್ಲಿ ಜಾಗ ಸಿಗದೆ, ಪುಟಾಣಿಗಳ ತರಗತಿಯಲ್ಲಿ ನನ್ನನ್ನೂ ಇಳಿಸಿದರು. ನನ್ನ ಮೊಣಕಾಲುದ್ದದ ಮಕ್ಕಳು ಮೀನಿನ ಹಾಗೆ ಹೋಗುತ್ತಿದ್ದರೆ ನಾನು ಗೋಡೆ ಹಿಡಿದುಕೊಂಡು ಕಾಲು ಬಡಿಯುತ್ತಿದ್ದೆ. ಒಂದು ಮಗು ನನ್ನ ಬೆನ್ನು ತಟ್ಟಿ ಧೈರ್ಯ ಕೂಡ ಹೇಳಿತು. ಮಾನ ಮರ್ಯಾದೆ ಬಿಟ್ಟು ಕಲಿತೆ. ಆಮೇಲೆ ಅತಿಥಿಗಳನ್ನು ಬಾಡಿಗೆಗೆ ಸುತ್ತಾಡಿಸುವ ಒಂದು ಚಾರ್ಟರ್ ದೋಣಿಗೆ ಅಡುಗೆಗೂ ಹಗ್ಗ ಎಳೆಯಲಿಕ್ಕೂ ಆಗುವ ಒಬ್ಬರು ಬೇಕೆಂದು ಗೊತ್ತಾದಾಗ, ಅಡುಗೆ ನನ್ನ ರಕ್ತದಲ್ಲೇ ಇದೆ, ಹಗ್ಗ ಕಲಿತುಕೊಳ್ಳುತ್ತೇನೆ ಅಂದೆ. ತೆಗೆದುಕೊಂಡರು. ಅವತ್ತಿನಿಂದ ಅದೇ ನನ್ನ ಕೆಲಸ, ಅದೇ ನನ್ನ ಮನೆ.

ಮನೆ ಅಂದರೆ ಎಷ್ಟು ಮನೆ? ಮುಂಬದಿಯ ಮೂಲೆಯಲ್ಲಿ ಮಲಗಿದರೆ ಮೂಗಿಗೆ ಛಾವಣಿ ತಾಗುವಂಥ ಒಂದು ಬಂಕು. ಬಟ್ಟೆಗೆ ಒಂದು ಗೂಡು. ಸಿಹಿನೀರು ತೊಟ್ಟಿಯಲ್ಲಿರುವಷ್ಟೇ, ಹಾಗಾಗಿ ಸ್ನಾನ ಅನ್ನುವುದು ಬಹುತೇಕ ಮನಸ್ಸಿನಲ್ಲೇ. ಚಮಚ ಕೂಡ ತನ್ನ ಜಾಗದಲ್ಲೇ ಇರಬೇಕು, ಇಲ್ಲದಿದ್ದರೆ ದೋಣಿ ವಾಲಿದಾಗ ಅದು ಹಾರಿ ಬಂದು ಹಣೆಗೆ ಬಡಿಯುತ್ತದೆ. ಲಂಗರು ಹಾಕಿ ನಿಂತ ಕೊಲ್ಲಿಗಳಲ್ಲಿ ಬಂಕಿನ ಮೇಲೆ ಒರಗಿ ದೋಣಿಯ ಒಡಲಿಗೆ ಕಿವಿಯಿಟ್ಟರೆ, ಆಚೆ ಬದಿಯ ನೀರಿನಿಂದ ಚಿಟಪಟ ಚಿಟಪಟ ಸದ್ದು. ಮೊದಲ ಸಲ ಕೇಳಿದಾಗ ದೋಣಿ ಎಲ್ಲೋ ಬಿರುಕು ಬಿಡುತ್ತಿದೆ ಎಂದು ಬಂಕಿನಿಂದ ಹಾರಿ ಇಳಿದಿದ್ದೆ. ಅದು ಕಲ್ಲುಗಳ ಸಂದಿಯಲ್ಲಿರುವ ಪುಟ್ಟ ಸೀಗಡಿಗಳು ಚಿಮುಟದಂಥ ಕೈ ಬಡಿಯುವ ಸದ್ದಂತೆ. ಸಾಸಿವೆ ಸಿಡಿದ ಹಾಗೆ ಕಡಲಿನ ತಳವೆಲ್ಲ ಸಿಡಿಯುತ್ತಿರುತ್ತದೆ. ನಾವು ಮೌನ ಅಂದುಕೊಂಡಿರುವ ಆ ನೀರಿನೊಳಗೆ ಇಷ್ಟೊಂದು ಸಂಸಾರ ನಡೆಯುತ್ತಿದೆಯಲ್ಲ ಎಂದು ನಾನು ಇವತ್ತಿಗೂ ಬೆರಗಾಗುತ್ತೇನೆ.

ಬೇಸಿಗೆಯುದ್ದಕ್ಕೂ ಅತಿಥಿಗಳನ್ನು ಕರೆದುಕೊಂಡು ವೈಹೀಕೆ, ಕವಾವ್, ಗ್ರೇಟ್ ಬ್ಯಾರಿಯರ್ ಅಂತ ದ್ವೀಪ ದ್ವೀಪ ಸುತ್ತುತ್ತೇವೆ. ಆಕ್ಲೆಂಡಿನ ಫ್ಲ್ಯಾಟ್ ಬುಷ್ ಬಡಾವಣೆಯ ನಮ್ಮ ಕನ್ನಡದ ಆಂಟಿಯರು ಸಿಕ್ಕಾಗ "ಒಳ್ಳೆ ಮಜಾ ಬಿಡಮ್ಮ ನಿಂದು" ಅನ್ನುತ್ತಾರೆ, ಮರುಕ್ಷಣವೇ "ಅದು ಪರ್ಮನೆಂಟ್ ಜಾಬಾ?" ಅನ್ನುತ್ತಾರೆ. ನನಗೆ ಎರಡೂ ಮಾತಿಗೆ ಮೈ ಉರಿಯುತ್ತದೆ. ಕಕ್ಕಸಿನ ಪೈಪು ಕಟ್ಟಿಕೊಂಡಾಗ ಮೊಣಕೈ ತನಕ ಕೈ ಹಾಕುವವಳು ನಾನು. ಆದರೆ ಮಜಾ ಅಲ್ಲದ, ಪರ್ಮನೆಂಟೂ ಅಲ್ಲದ ಒಂದು ಇದೆ, ಅದನ್ನು ಅವರಿಗೆ ಹೇಗೆ ಹೇಳುವುದು? ಬೆಳಗ್ಗೆ ಎದ್ದು ತಲೆ ಹೊರಗೆ ಹಾಕಿದರೆ ದಿನಾ ಹೊಸದಾಗಿ ಬಾಯಿ ಕಳೆದುಕೊಂಡು ನಿಲ್ಲುವ ಹಾಗೆ ಆಗುತ್ತದೆ. ಇಷ್ಟು ನೋಡಿದ ಮೇಲೂ ಸಾಕೆನಿಸಿಲ್ಲ.

ದೋಣಿ ನಡೆಸುವ ಸ್ಕಿಪ್ಪರ್ ಅರವತ್ತು ದಾಟಿದ ನ್ಯೂಜಿಲೆಂಡಿನ ಹೆಂಗಸು. ಬಿಸಿಲಿಗೆ ಸುಟ್ಟ ಮುಖ, ಕಮ್ಮಿ ಮಾತು, ಹೇಳಿದ್ದನ್ನು ಎರಡನೇ ಸಲ ಹೇಳುವ ಅಭ್ಯಾಸವಿಲ್ಲ. ಚಳಿಗಾಲದಲ್ಲಿ ಇಲ್ಲಿ ಅತಿಥಿಗಳು ಬರುವುದಿಲ್ಲವಾದ್ದರಿಂದ ಅವರು ಪ್ರತಿ ವರ್ಷ ದೋಣಿಯನ್ನು ಫಿಜಿಗೆ ಒಯ್ಯುತ್ತಾರೆ. ವಾರಕ್ಕೂ ಮಿಕ್ಕಿ ನೆಲದ ಸುಳಿವಿಲ್ಲದ ದಾರಿ, ಆಮೇಲೆ ತಿಂಗಳುಗಟ್ಟಲೆ ಅಲ್ಲಿಯ ದ್ವೀಪಗಳಲ್ಲಿ ಕೆಲಸ. ಈ ಸಲ ನನ್ನನ್ನೂ ಕರೆದರು. ನನ್ನ ಕಾಲು ಆಗಲೇ ಕುಣಿಯುತ್ತಿತ್ತು. ಆದರೆ ಬಾಯಲ್ಲಿ ಬಂದ ಮಾತು, "ನಮ್ಮ ಅವ್ವನನ್ನು ಕೇಳಬೇಕು."

ಸ್ಕಿಪ್ಪರ್ ನನ್ನ ಮುಖ ನೋಡಿದರು. ಮೂವತ್ತು ದಾಟಿದ ಹೆಂಗಸು ಅಮ್ಮನನ್ನು ಕೇಳಬೇಕು ಅನ್ನುತ್ತಿದ್ದಾಳೆ. ನಾನು ಹೇಳಿದೆ, ಅವ್ವ ಬೇಡ ಅಂದರೆ ನನ್ನ ಕೈ ಕಟ್ಟುವುದಿಲ್ಲ, ಪಾಸ್‌ಪೋರ್ಟು ಕಿತ್ತಿಟ್ಟುಕೊಳ್ಳುವುದೂ ಇಲ್ಲ. ಆದರೆ ಅವ್ವ ಒಂದು ಸಲ ಹೂಂ ಅನ್ನದೆ ಅಷ್ಟು ದೊಡ್ಡ ನೀರಿಗೆ ಇಳಿಯಲು ನನ್ನಿಂದ ಆಗದು. ಕಾರಣವನ್ನೂ ಹೇಳಿದೆ. ಅವ್ವನಿಗೆ ಒಬ್ಬ ತಮ್ಮನಿದ್ದ. ಬಟ್ಟೆ ಒಗೆಯಲಿಕ್ಕೆ ಹೋದಾಗ ಅವನನ್ನು ನಾಲೆಯ ದಡದಲ್ಲಿ ಕೂರಿಸಿದ್ದಳು, ತಿರುಗಿ ನೋಡುವಷ್ಟರಲ್ಲಿ ಅವನಿರಲಿಲ್ಲ. ಆಗ ಅವಳು ಹುಡುಗಿ. ಆಮೇಲೆ ಅವಳು ನೀರಿಗೆ ಕಾಲಿಟ್ಟಿದ್ದನ್ನು ನಾನು ನೋಡಿಲ್ಲ. ಸಂಗಮಕ್ಕೆ ಹೋದರೂ ದೂರ ನಿಂತು, ಅಪ್ಪ ಚೊಂಬಿನಲ್ಲಿ ತಂದ ನೀರನ್ನು ತಲೆಗೆ ಚಿಮುಕಿಸಿಕೊಂಡು ಬರುತ್ತಿದ್ದಳು. ಸ್ಕಿಪ್ಪರ್ ಕೇಳಿಸಿಕೊಂಡು, "ಹಾಗಾದರೆ ಕೇಳು" ಅಂದರು. ಬೇರೆ ಯಾರನ್ನೂ ಅಷ್ಟರಲ್ಲಿ ಗೊತ್ತುಮಾಡುವುದಿಲ್ಲ ಅಂತಲೂ ಅಂದರು.

ಫೋನಿನಲ್ಲಿ ಫಿಜಿ ಅಂದದ್ದೇ ತಡ, ಅವ್ವ ವೀಸಾ ಮಾಡಿಸಿಕೊಂಡು ತಾನೇ ಹೊರಟು ಬಂದಳು. ಮೆಸ್ಸನ್ನು ಅಪ್ಪನಿಗೂ ಕೆಲಸದವರಿಗೂ ಒಪ್ಪಿಸಿ ಬಂದಿದ್ದಳು. ಇಳಿದುಕೊಂಡದ್ದು ಫ್ಲ್ಯಾಟ್ ಬುಷ್‌ನಲ್ಲಿ, ದೊಡ್ಡಮ್ಮನ ಮಗಳು ಅಕ್ಕನ ಮನೆಯಲ್ಲಿ. ನಾನೂ ದೋಣಿ ಬಿಟ್ಟು ಅಲ್ಲೇ ಇದ್ದೆ. ಬಂದ ದಿನದಿಂದ ಅವ್ವ ಅಕ್ಕನ ಅಡುಗೆಮನೆ ತನ್ನ ವಶಕ್ಕೆ ತೆಗೆದುಕೊಂಡು ಎಲ್ಲರಿಗೂ ಮುದ್ದೆ ಬಡಿಸಿದಳು, ದೋಣಿಯ ವಿಷಯ ಮಾತ್ರ ಎತ್ತಲಿಲ್ಲ. ನಾನು ಎತ್ತಿದರೆ ಸಾರಿನ ಉಪ್ಪು ನೋಡು ಅನ್ನುತ್ತಿದ್ದಳು. ಒಂದು ಬೆಳಗ್ಗೆ ಅಕ್ಕ ಕೆಲಸಕ್ಕೆ ಹೋದ ಮೇಲೆ ಸೂಟ್‌ಕೇಸ್ ತೆಗೆದು, ಸೀರೆಗಳ ಅಡಿಯಿಂದ ಹೊಸಾ ಬಿದಿರಿನ ಮೊರ ಜೋಡಿ ಹೊರತೆಗೆದಳು.

"ಏರ್‌ಪೋರ್ಟಲ್ಲಿ ಅಕ್ಕಿ ಬ್ಯಾಳೆ ಎಲ್ಲ ಕಿತ್ಕೊಂಡ್ರು. ಮೊರನ ಮಾತ್ರ ತಿರುಗಿಸಿ ಮುರುಗಿಸಿ ನೋಡಿ ಕೊಟ್ರು. ನಿನ್ನ ನೀರಿಗೆ ಬಾಗಿನ ಕೊಡ್ಬೇಕು ಮಗ."

ನನಗೆ ನಂಬಲಿಕ್ಕೆ ಆಗಲಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿದಾಗ ಕಾವೇರಿಗೆ ಬಾಗಿನ ಕೊಡುವುದನ್ನು ಊರೆಲ್ಲ ಟಿವಿಯಲ್ಲಿ ನೋಡುತ್ತಿದ್ದರೆ ಎದ್ದು ಒಳಗೆ ಹೋಗುತ್ತಿದ್ದವಳು ಅವ್ವ.

"ನೀರಿನ ಮ್ಯಾಲೆ ನಂಗೆ ಸಿಟ್ಟು ಐತೆ, ಇರ್ತದೆ" ಅಂದಳು. "ಆದ್ರೆ ಇಷ್ಟು ವರ್ಷ ನನ್ನ ಮಗಳನ್ನ ಹೊತ್ಕೊಂಡು ತಿರುಗ್ತಾ ಐತಲ್ಲ, ಅದಕ್ಕೆ ಕೊಡೋದು ಕೊಡ್ಬೇಕು. ಕೊಟ್ಟು ನೋಡ್ತೀನಿ. ನೋಡಿ ಹೇಳ್ತೀನಿ."

ಅಂದರೆ ಹೂಂ ಅಂತಲೂ ಅಲ್ಲ, ಉಹೂಂ ಅಂತಲೂ ಅಲ್ಲ. ನನಗೆ ಮಾತ್ರ ಪರೀಕ್ಷೆಗೆ ಕೂತ ಹಾಗಾಯಿತು.

ಭಾನುವಾರ ಏವನ್‌ಡೇಲ್ ಸಂತೆಗೆ ಹೋದೆವು. ತೆಂಗಿನಕಾಯಿ, ಹಸಿ ಅರಿಶಿನದ ಕೊಂಬು, ಒಬ್ಬ ಅಜ್ಜಿಯ ಹತ್ತಿರ ಚೆಂಡುಹೂವು, ಒಂದು ದೊಡ್ಡ ಚಿಪ್ಪು ಬಾಳೆಹಣ್ಣು. ಅವ್ವ ಕನ್ನಡದಲ್ಲೇ ಚೌಕಾಸಿ ಮಾಡಿದಳು, ಅವರು ತಮ್ಮ ಭಾಷೆಯಲ್ಲಿ ಉತ್ತರ ಕೊಟ್ಟರು, ವ್ಯಾಪಾರ ಆಯಿತು. ಉಳಿದದ್ದನ್ನು ಅಕ್ಕನ ಜೊತೆ ಇಂಡಿಯನ್ ಅಂಗಡಿಗೆ ಹೋಗಿ ತೆಗೆದುಕೊಂಡಳು. ಮನೆಗೆ ಬಂದು ಸ್ನಾನ ಮಾಡಿ, ಒಬ್ಬಳೇ ಕೂತು ಮೊರ ತುಂಬಿ, ಮೇಲೊಂದು ಮೊರ ಮುಚ್ಚಿ, ಅರಿಶಿನದ ದಾರ ಸುತ್ತಿ ಕಟ್ಟಿದಳು. ಕಟ್ಟಿದ ಬಾಗಿನವನ್ನು ಬಿಚ್ಚಿ ನೋಡುವ ಹಾಗಿಲ್ಲ, ನಾನೂ ನೋಡಲಿಲ್ಲ.

ಸೀಸನ್ ಮುಗಿದು ದೋಣಿ ಖಾಲಿಯಿದ್ದುದರಿಂದ ಸ್ಕಿಪ್ಪರ್ ಒಂದು ದಿನ ನಮಗೆಂದೇ ಹೊರಟರು. ಅಕ್ಕ ಕಾರಿನಲ್ಲಿ ಮರೀನಾ ತನಕ ಬಿಟ್ಟಳು, ತನಗೆ ದೋಣಿ ನೋಡಿದರೇ ವಾಂತಿ ಬರುತ್ತದೆ ಅಂತ ಅಲ್ಲೇ ಉಳಿದಳು. ದೋಣಿಗೆ ಹೋಗುವ ತೇಲುವ ಕಟ್ಟೆ ಕಾಲಡಿ ಅಲುಗಿದ ಕೂಡಲೇ ಅವ್ವ ನನ್ನ ತೋಳಿಗೆ ಉಗುರು ಊರಿದಳು. ದೋಣಿಯ ಪಕ್ಕದಲ್ಲಿ ಒಂದು ಬುಟ್ಟಿ ಇರುತ್ತದೆ. ಡೆಕ್ಕಿನ ಮೇಲೆ ಯಾರೂ ಚಪ್ಪಲಿ ಬೂಟು ಹಾಕಿಕೊಂಡು ಹತ್ತುವ ಹಾಗಿಲ್ಲ, ಎಂಥ ದೊಡ್ಡ ಮನುಷ್ಯರೇ ಬರಲಿ, ಬೂಟು ಬುಟ್ಟಿಗೆ. ಸ್ಕಿಪ್ಪರ್ ತಾವೂ ಬರಿಗಾಲಲ್ಲಿ ನಿಂತಿದ್ದರು. ಅವ್ವ ಬುಟ್ಟಿ ನೋಡಿದಳು, ಸ್ಕಿಪ್ಪರ್ ಪಾದ ನೋಡಿದಳು. "ಪರವಾಗಿಲ್ವೆ, ಮನೆ ಇಟ್ಟಂಗೆ ಇಟ್ಟವ್ರೆ" ಅಂದಳು, ಚಪ್ಪಲಿ ಬಿಟ್ಟಳು.

ಸ್ಕಿಪ್ಪರ್ ಕಣ್ಣು ಅಷ್ಟರಲ್ಲಿ ಅವ್ವನ ಕೈಚೀಲದ ಮೇಲೆ ಬಿದ್ದಿತ್ತು. ಅದರೊಳಗಿಂದ ಬಾಳೆಹಣ್ಣಿನ ಚಿಪ್ಪು ಇಣುಕುತ್ತಿತ್ತು. ದೋಣಿಯವರಿಗೆ ಬಾಳೆಹಣ್ಣು ಆಗಿಬರುವುದಿಲ್ಲ. ದೋಣಿಗೆ ಬಾಳೆಹಣ್ಣು ಹತ್ತಿದರೆ ಕೆಡುಕು ಅನ್ನುವುದು ಇಲ್ಲಿಯ ಹಳಬರ ನಂಬಿಕೆ. ಈ ಅವಸರದಲ್ಲಿ ನನಗೆ ಅದು ಮರೆತೇಹೋಗಿತ್ತು. ಸ್ಕಿಪ್ಪರ್ ಮುಜುಗರಪಡುತ್ತಲೇ, ಆದರೆ ಒಂದಿಂಚೂ ಬಿಟ್ಟುಕೊಡದೆ, ಅದು ಬೇಡ ಅಂದರು. ದೇವರ ಹಣ್ಣನ್ನು ಬೇಡ ಅಂದರಲ್ಲ, ಅವ್ವ ಇಲ್ಲಿಂದಲೇ ವಾಪಸ್ ಹೊರಡುತ್ತಾಳೆ ಅಂದುಕೊಂಡು ನಾನು ತಡವರಿಸುತ್ತಾ ವಿವರಿಸಿದೆ. ಅವ್ವನ ಹುಬ್ಬು ಮೇಲೇರಿತು.

"ಇವ್ರಿಗೂ ಶಾಸ್ತ್ರ ಐತಾ?" ಅಂದಳು. ಚಿಪ್ಪನ್ನು ಮರುಮಾತಿಲ್ಲದೆ ಅಕ್ಕನ ಕೈಗೆ ದಾಟಿಸಿದಳು. "ಐತೆ ಅಂದ್ರೆ ನಡೆಸ್ಲಿ. ಶಾಸ್ತ್ರ ಇರೋರು ನೀರನ್ನ ಸದರ ಮಾಡಕ್ಕಿಲ್ಲ."

ಸೀರೆಯ ಮೇಲೆ ನಾನು ಲೈಫ್ ಜಾಕೆಟ್ ಹಾಕಿ ಪಟ್ಟಿ ಬಿಗಿದೆ. ಇದು ಏನು ಮಾಡುತ್ತದೆ ಅಂದಳು. ನೀರಿಗೆ ಬಿದ್ದರೆ ಇದು ತಾನಾಗಿ ಉಬ್ಬಿ ಮೇಲಕ್ಕೆತ್ತಿ ಹಿಡಿಯುತ್ತದೆ ಅಂದೆ. ಅವ್ವ ಆ ಪಟ್ಟಿಯನ್ನು ಬೆರಳಲ್ಲಿ ಸವರುತ್ತಾ ಕೂತಳು. ಯಾರ ನೆನಪು ಬಂತು ಅಂತ ನಾನು ಕೇಳಲಿಲ್ಲ.

ರಂಗಿಟೋಟೊ ದ್ವೀಪ ದಾಟಿದ ಮೇಲೆ ನೈಋತ್ಯದ ಗಾಳಿ ತುಂಬಿಕೊಂಡಿತು. ಹಾಯಿ ಏರಿಸಿದೆವು. ದೋಣಿ ಒಂದು ಮಗ್ಗುಲಿಗೆ ವಾಲಿದ್ದೇ ಅವ್ವನ ಜೀವ ಬಾಯಿಗೆ ಬಂತು. "ಬಿದ್ದೋಯ್ತು, ಬಿದ್ದೋಯ್ತು! ನಿಲ್ಸು ಅನ್ನೇ ಆಯಮ್ಮಂಗೆ!" ಅಂತ ಕೂಗಿಕೊಂಡಳು. ಇದು ಬೀಳುವುದಲ್ಲ, ಹೀಗೇ ಹೋಗುವುದು, ಅಡಿಯಲ್ಲಿ ಸೀಸದ ಭಾರ ಇದೆ, ಎಷ್ಟು ವಾಲಿದರೂ ತಿರುಗಿ ಎದ್ದು ನಿಲ್ಲುತ್ತದೆ ಅಂದೆ. ಅವ್ವ ನಂಬಲಿಲ್ಲ. ಕಣ್ಣು ಮುಚ್ಚಿಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದು, ತುಟಿ ಅಲ್ಲಾಡಿಸುತ್ತಾ ಕೂತುಬಿಟ್ಟಳು. ಮುಗಿಯಿತು ಅಂದುಕೊಂಡೆ. ಫಿಜಿಯೂ ಇಲ್ಲ, ಏನೂ ಇಲ್ಲ. ನನಗೆ ಅಳು ಬರುವ ಹಾಗಿತ್ತು, ಅದನ್ನು ತಡೆಯಲಿಕ್ಕೆ ಕೆಳಗಿನ ಅಡುಗೆಮನೆಗೆ ಇಳಿದು ಹೋದೆ. ಬೆಳಗ್ಗೆ ಕೊಂಡ ಕಹವಾಯ್ ಮೀನು ಇತ್ತು. ಸಾರಿಗಿಟ್ಟೆ.

ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ದನಿ ಬಂತು. "ಹುಣಸೆ ಮುಂಚೇನೇ ಬಿಟ್ಯಾ?"

ಇಲ್ಲ ಅಂದೆ. "ಸುಳ್ಳು. ವಾಸನೆ ಬರ್ತಾ ಐತೆ" ಅಂದಳು. ಬೆನ್ನ ಹಿಂದೆ ಮೆಟ್ಟಿಲು ಕಿರುಗುಟ್ಟಿತು. ತಿರುಗಿ ನೋಡಿದರೆ ಅವ್ವ! ಒಂದು ಕೈಯಲ್ಲಿ ಸೀರೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಾ ಇಳಿಯುತ್ತಿದ್ದಾಳೆ. ಸಾವಿನ ಭಯಕ್ಕಿಂತ ಸಾರು ಕೆಡುತ್ತದೆ ಅನ್ನುವ ಭಯವೇ ದೊಡ್ಡದಾಗಿತ್ತು. ನನ್ನನ್ನು ಪಕ್ಕಕ್ಕೆ ತಳ್ಳಿ ಒಲೆಯ ಮುಂದೆ ನಿಂತವಳು ಹಾಗೇ ಸ್ತಬ್ಧಳಾದಳು.

ದೋಣಿಯ ಒಲೆಯನ್ನು ನೆಲಕ್ಕೆ ಕೂರಿಸಿರುವುದಿಲ್ಲ, ಎರಡು ಬದಿಯ ತಿರುಗುಣಿಗಳ ಮೇಲೆ ತೂಗುಹಾಕಿರುತ್ತಾರೆ. ದೋಣಿ ಯಾವ ಕಡೆ ವಾಲಿದರೂ ಒಲೆ ತನ್ನಷ್ಟಕ್ಕೆ ಮಟ್ಟಸವಾಗಿ ನಿಲ್ಲುತ್ತದೆ. ಅವ್ವ ಓರೆಯಾಗಿದ್ದಳು, ನಾನು ಓರೆಯಾಗಿದ್ದೆ, ಗೋಡೆ ಕಿಟಕಿ ಕಪಾಟು ಎಲ್ಲ ಓರೆ. ಪಾತ್ರೆಯಲ್ಲಿ ಸಾರು ಮಾತ್ರ ನೆಟ್ಟಗೆ, ಒಂದು ಹನಿಯೂ ಚೆಲ್ಲದೆ, ನಮ್ಮ ಮೆಸ್ಸಿನ ಒಲೆಯ ಮೇಲೆ ಕುದಿಯುವ ಹಾಗೇ ಕುದಿಯುತ್ತಿತ್ತು. ದೋಣಿ ಒಂದು ಅಲೆ ಹತ್ತಿ ಇಳಿಯಿತು. ಒಲೆ ತೊಟ್ಟಿಲಿನ ಹಾಗೆ ಮೆಲ್ಲಗೆ ತೂಗಿ ಮತ್ತೆ ಸಮವಾಯಿತು. ಹುಟ್ಟಿದಾಗಿನಿಂದ ಒಲೆಯ ಮುಂದೆ ಇದ್ದವಳು ಅವ್ವ. ಬೆರಳಿನಿಂದ ಒಲೆಯ ಅಂಚನ್ನು ಒಂದು ಸಲ ಮುಟ್ಟಿ ನೋಡಿ ಕಣ್ಣಿಗೊತ್ತಿಕೊಂಡಳು.

"ಯಾರ ತಲೆ ಮಗ ಇದು?" ಅಂದಳು. "ಯಾವ ತಾಯಿ ಹೆತ್ತ ಮಗನೋ ಇಂಥದ್ದ ಮಾಡಿದ್ದು!"

ಆಮೇಲೆ ಅಲ್ಲಿಂದ ಕದಲಲಿಲ್ಲ. ನನ್ನ ಸಾರಿಗೆ ಬೈದಳು, ಒಗ್ಗರಣೆ ತಾನೇ ಹಾಕಿದಳು, ಕಾಲು ಎಲ್ಲಿ ಊರಬೇಕು, ಸೊಂಟ ಎಲ್ಲಿ ಒರಗಿಸಬೇಕು ಅಂತ ಕೇಳಿ ಕಲಿತಳು. ವಾಂತಿ ಬರುತ್ತದಾ ಅಂದರೆ ಅಡುಗೆಮನೆಯಲ್ಲಿ ಎಂಥಾ ವಾಂತಿ ಅಂದಳು.

ಸ್ಕಿಪ್ಪರ್ ಕೂಗಿದ್ದು ಆಗಲೇ. ಅವರು ಕೂಗುವುದೇ ಅಪರೂಪ, ಹಾಗಾಗಿ ನಾನು ಒಲೆ ಆರಿಸಿ ಅವ್ವನನ್ನು ಹಿಂದಿನಿಂದ ತಳ್ಳಿಕೊಂಡು ಮೇಲೆ ಬಂದೆ.

ಎದುರಿಗೆ ಆಕಾಶದಿಂದ ಹಕ್ಕಿಗಳು ಬೀಳುತ್ತಿದ್ದವು. ಗ್ಯಾನೆಟ್ ಹಕ್ಕಿಗಳು. ಬೆಳ್ಳನೆ ಮೈ, ಹಳದಿ ತಲೆ. ಮೇಲೆ ಮೇಲೆ ಹೋಗಿ, ಸಟ್ಟನೆ ರೆಕ್ಕೆ ಮಡಿಚಿ, ತಲೆಕೆಳಗಾಗಿ ನೀರಿಗೆ ಧುಮುಕುತ್ತಿದ್ದವು. ಒಂದರ ಹಿಂದೆ ಒಂದು, ನೂರಾರು. ನೀರಿನ ಒಳಗೆ ಮೀನಿನ ಹಿಂಡನ್ನು ಡಾಲ್ಫಿನ್‌ಗಳು ಸುತ್ತುಗಟ್ಟಿ ಮೇಲಕ್ಕೆ ಅಟ್ಟುತ್ತಿದ್ದವು. ಕಡಲು ಆ ಜಾಗದಲ್ಲಿ ಕುದಿಯುತ್ತಿತ್ತು. ಇಂಥ ಕಡೆ ನಾವು ನುಗ್ಗುವ ಹಾಗಿಲ್ಲ. ಸ್ಕಿಪ್ಪರ್ ದೂರದಲ್ಲೇ ಹಾಯಿ ಸಡಿಲಿಸಿ ದೋಣಿಯನ್ನು ನಿಲ್ಲಿಸಿದರು. ಮೂವರೂ ಕಂಬಿ ಹಿಡಿದು ನೋಡುತ್ತಾ ನಿಂತೆವು.

ಆಗ ದೋಣಿಯ ಪಕ್ಕದಲ್ಲೇ ನೀರು ನುಣುಪಾಯಿತು. ಫೂ ಅಂತ ಒಂದು ಉಸಿರು. ಎಷ್ಟು ದೊಡ್ಡ ಉಸಿರೆಂದರೆ ನನ್ನ ಎದೆಯೊಳಗೆ ಅದು ತಾಗಿತು. ಹಿಂದೆಯೇ ಕರಿಯ ಬೆನ್ನು ಎದ್ದಿತು, ಎದ್ದಿತು, ಮುಗಿಯಲೇ ಇಲ್ಲ. ನಮ್ಮ ದೋಣಿಯಷ್ಟೇ ಉದ್ದದ ತಿಮಿಂಗಿಲ. ಮೀನಿನ ವಾಸನೆಯ ಹನಿಗಳು ನಮ್ಮ ಮುಖದ ಮೇಲೆ ಬಿದ್ದವು. ನಾನು ಇಷ್ಟು ಕಾಲ ಇಲ್ಲೇ ಇದ್ದರೂ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವ್ವನ ಕಡೆ ನೋಡಿದೆ, ಕಂಬಿ ಬಿಟ್ಟಿದ್ದಳು. ತಲೆಯ ಮೇಲೆ ಸೆರಗು ಹೊದ್ದು, ಕೈಮುಗಿದು, ಒಂದು ಆಸರೆಯೂ ಇಲ್ಲದೆ ಅಲುಗುವ ಡೆಕ್ಕಿನ ಮೇಲೆ ನಿಂತಿದ್ದಳು.

ತಿಮಿಂಗಿಲ ಮುಳುಗಿತು. ಮತ್ತೆ ಬಂದು ಉಸಿರು ಬಿಟ್ಟಿತು. ಮತ್ತೆ ಮುಳುಗಿತು.

"ಉಸ್ರಾಡಕ್ಕೆ ಮ್ಯಾಲಕ್ಕೆ ಬರ್ತದಾ?" ಅವ್ವ ಪಿಸುಗುಟ್ಟಿದಳು.

ಹೂಂ, ನಮ್ಮ ಹಾಗೇ, ನೀರೊಳಗೆ ಅದಕ್ಕೆ ಉಸಿರಿಲ್ಲ ಅಂದೆ.

"ನೀರಲ್ಲೇ ಹುಟ್ಟಿ? ನೀರಲ್ಲೇ ಇದ್ದು?" ಅವ್ವನ ಕಣ್ಣಿಂದ ನೀರು ಇಳಿಯುತ್ತಿತ್ತು. "ನಮ್ಮಂಥದ್ದೇ ಉಸಿರು ಇಟ್ಕೊಂಡು ಅಷ್ಟು ದೊಡ್ಡದು ಬದುಕ್ತಾ ಐತಲ್ಲ ಮಗ, ಈ ನೀರಲ್ಲಿ." ಆ ಮಾತನ್ನು ಎರಡು ಮೂರು ಸಲ ತನಗೆ ತಾನೇ ಹೇಳಿಕೊಂಡಳು.

ಹಕ್ಕಿಗಳು ಚದುರಿದ ಮೇಲೆ, ಇಲ್ಲೇ ಕೊಡ್ತೀನಿ ಅಂದಳು. ತೆಂಗಿನಕಾಯಿ ಒಡೆಯಲಿಕ್ಕೆ ಕಲ್ಲೆಲ್ಲಿ? ಸ್ಕಿಪ್ಪರ್ ಮುಂಬದಿಗೆ ಕರೆದೊಯ್ದು ಲಂಗರಿನ ಕಬ್ಬಿಣ ತೋರಿಸಿದರು. ಒಂದೇ ಏಟಿಗೆ ಕಾಯಿ ಎರಡು ಹೋಳಾಯಿತು. ಅವ್ವನಿಗೆ ಸಮಾಧಾನವಾಯಿತು. ನಾನು ಬಾಗಿನ ತಂದು ಕೊಟ್ಟೆ. ಅಷ್ಟರಲ್ಲಿ ಸ್ಕಿಪ್ಪರ್ ಕೇಳಿದರು, ಅದರೊಳಗೆ ಏನೇನಿದೆ?

ಈ ದೋಣಿಯಿಂದ ಕಡಲಿಗೆ ಏನೂ ಬೀಳುವ ಹಾಗಿಲ್ಲ, ಮೀನು ಹಕ್ಕಿ ತಿಂದು ಅರಗಿಸಿಕೊಳ್ಳುವುದನ್ನು ಬಿಟ್ಟು. ಒಂದು ಸಿಗರೇಟಿನ ತುಂಡು ಎಸೆದ ಅತಿಥಿಯನ್ನು ಸ್ಕಿಪ್ಪರ್ ಹತ್ತಿರದ ದ್ವೀಪದಲ್ಲೇ ಇಳಿಸಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೂವು, ಅಕ್ಕಿ ಇರುತ್ತದೆ ಅಷ್ಟೇ ಅಂದುಕೊಂಡಿದ್ದ ನನಗೆ ಈಗ ನೆನಪಾಯಿತು. ಬಾಗಿನ ಅಂದ ಮೇಲೆ ಬಳೆ, ಬಾಚಣಿಗೆ, ಕನ್ನಡಿ, ಕರಿಮಣಿ, ರವಿಕೆ ಕಣ. ಮೊರ ಕೂಡ ಪರದೇಶದ ಬಿದಿರು, ಅದನ್ನು ತೇಲಿಬಿಡಲು ಅವರು ಒಪ್ಪುವುದಿಲ್ಲ. ಬಾಗಿನವನ್ನು ಬಿಚ್ಚಬೇಕು ಅಂತ ಅವ್ವನಿಗೆ ಹೇಗೆ ಹೇಳಲಿ? ಗಂಗೆ ಬಾಗಿನ ಒಲ್ಲೆ ಅಂದಳು ಅಂತಲೇ ಅವ್ವ ತಿಳಿಯುತ್ತಾಳೆ. ಅಂಥ ಅಪಶಕುನ ಕಂಡ ಮೇಲೆ ಅವಳ ಬಾಯಿಂದ ಇನ್ನು ಹೂಂ ಬರುವುದುಂಟೇ?

ಹೇಳದೆ ಗತಿಯಿರಲಿಲ್ಲ. ಹೇಳಿದೆ. ಅವ್ವ ಬಾಗಿನವನ್ನು ಎದೆಗೊತ್ತಿಕೊಂಡು ಕೂತಳು. ಮುಖ ಬಿಗಿಯಿತು. ಸ್ಕಿಪ್ಪರ್ ಚುಕ್ಕಾಣಿಯ ಹಿಂದೆ ಕದಲದೆ ನಿಂತಿದ್ದರು. ಸಡಿಲಾದ ಹಾಯಿ ಪಟಪಟ ಅನ್ನುತ್ತಿತ್ತು.

"ಇದಕ್ಕೆ ತಿನ್ನಕ್ಕೆ ಆಗೋದು ಮಾತ್ರ ಅಂತಾರಾ?" ಕೊನೆಗೆ ಅವ್ವ ಕೇಳಿದಳು.

ಹೂಂ ಅಂದೆ.

"ನ್ಯಾಯವೇ. ಉಣ್ಣಕ್ಕೆ ಬಂದೋರ ಎಲೆಗೆ ಅವ್ರು ಉಣ್ಣೋದೇ ಬಡಿಸ್ಬೇಕು. ಕಲ್ಲು ಬಡಿಸಕ್ಕಾಯ್ತದಾ?" ಅಂದವಳೇ ದಾರ ಬಿಚ್ಚಿದಳು. ಒಂದೊಂದೇ ಸಾಮಾನು ಎತ್ತಿ ಸ್ಕಿಪ್ಪರ್ ಕಡೆ ತೋರಿಸಿ, ಕೈಸನ್ನೆಯಲ್ಲೇ "ಇದು?" ಅನ್ನುವಳು. ಅವರು ತಲೆಯಾಡಿಸುವರು. ಅಕ್ಕಿ ಆಗಬಹುದು, ಬೆಲ್ಲ ಆಗಬಹುದು, ಕಾಯಿ, ಅರಿಶಿನದ ಕೊಂಬು, ಹೂವು ಆಗಬಹುದು. ಬಳೆ ಬೇಡ. ಬಾಚಣಿಗೆ ಬೇಡ. ಮೆಸ್ಸಿನಲ್ಲಿ ಗಿರಾಕಿಗೆ ಏನು ಬೇಕು ಏನು ಬೇಡ ಅಂತ ಕೇಳುವಷ್ಟೇ ಶ್ರದ್ಧೆ ಅವ್ವನಿಗೆ.

ದೋಣಿಯ ಹಿಂಬದಿಯಲ್ಲಿ ನೀರಿಗೆ ಇಳಿಯುವ ಮೆಟ್ಟಿಲಿದೆ. ಅವ್ವನ ಜಾಕೆಟ್ಟಿಗೆ ಹಗ್ಗ ಸಿಕ್ಕಿಸಿ, ಹಿಂದಿನಿಂದ ಪಟ್ಟಿ ಹಿಡಿದುಕೊಂಡು ನಾನು ಅವಳನ್ನು ಕೊನೆಯ ಮೆಟ್ಟಿಲಿನಲ್ಲಿ ಕೂರಿಸಿದೆ. ಅವಳು ಎಸೆಯಲಿಲ್ಲ. ಬಗ್ಗಿ, ಹಿಡಿ ಹಿಡಿಯಾಗಿ, ಎಲೆಗೆ ಬಡಿಸುವ ಹಾಗೆ ಬಡಿಸಿದಳು. ಅಲೆ ಎದ್ದು ಅವಳ ಮೊಣಕೈ ತನಕ ಒದ್ದೆ ಮಾಡಿತು. ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಅಕ್ಕಿಕಾಳು ಹಸಿರು ನೀರಿನಲ್ಲಿ ಮಿನುಗುತ್ತಾ ಇಳಿದು ಹೋಗುವುದನ್ನು ನೋಡುತ್ತಾ ನೀರಿನ ಜೊತೆ ಮಾತಾಡಿದಳು. ನನಗೆ ಕೇಳಿಸಲಿ ಅಂತಲ್ಲ, ಆದರೆ ಕೇಳಿಸಿತು.

"ಒಬ್ಬನ್ನ ಇಸ್ಕೊಂಡಿದ್ದೀಯ. ಅವನನ್ನ ನಾನು ಕೇಳಕ್ಕಿಲ್ಲ. ಇವಳನ್ನ ಇಸ್ಕೋಬ್ಯಾಡ ತಾಯಿ. ಸಾಕ್ಕೊ."

ನಾನು ಆ ಪಟ್ಟಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದೆ. ನನ್ನ ಅವ್ವ ಇಷ್ಟು ದೊಡ್ಡವಳು ಅಂತ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಆಗಷ್ಟೇ ಕಂಡ ತಿಮಿಂಗಿಲಕ್ಕಿಂತಲೂ ಅವಳೇ ನನಗೆ ದೊಡ್ಡ ಬೆರಗಾಗಿದ್ದಳು.

ಮೇಲೆ ಬಂದು ಕೂತಳು. ಮೊರದಲ್ಲಿ ಬಳೆ, ಬಾಚಣಿಗೆ, ಕನ್ನಡಿ, ಕರಿಮಣಿ, ಹಸಿರು ರವಿಕೆ ಕಣ ಉಳಿದಿದ್ದವು. ನಾನು ಅವನ್ನು ಚೀಲಕ್ಕೆ ತುಂಬಲು ಹೋದೆ. ಅವ್ವ ನನ್ನ ಕೈ ತಡೆದಳು.

"ಬಾಗಿನ ಅಂತ ಎತ್ತಿದ್ದನ್ನ ವಾಪಸ್ ಮನೆಗೆ ಒಯ್ಯಂಗಿಲ್ಲ" ಅಂದಳು. ಹಾಗಾದರೆ ಏನು ಮಾಡುವುದು ಅಂದೆ. ಅವ್ವ ಎದ್ದು ನಿಂತಳು. ಮೊರಕ್ಕೆ ಮೊರ ಮುಚ್ಚಿದಳು. ಸೆರಗನ್ನು ಹಿಂದಿನಿಂದ ಸುತ್ತಿ ತಂದು ಮೊರದ ಮೇಲೆ ಹೊದಿಸಿ ನನ್ನ ಮುಂದೆ ಚಾಚಿದಳು. ನಮ್ಮ ಕಡೆ ತವರಿನವರು ಹಾಗೆ ಬಾಗಿನ ಕೊಡುವುದು ಮದುವೆ ಮಾಡಿ ಕಳಿಸಿಕೊಟ್ಟ ಮಗಳಿಗೆ. ಮನೆಯಲ್ಲೇ ಇರುವ ಮಗಳಿಗೆ ಯಾರೂ ಕೊಡುವುದಿಲ್ಲ. ನನಗೆ ಮದುವೆಯಾಗಿಲ್ಲ. ಆ ಮಾತು ಎತ್ತಿ ಅತ್ತು ಕರೆದು ಅವ್ವ ಸುಸ್ತಾಗಿದ್ದಳು.

ಸೆರಗು ಒಡ್ಡು ಅಂದಳು. ನನಗೆಲ್ಲಿಯ ಸೆರಗು? ಉಪ್ಪುನೀರು ಕುಡಿದು ಬಿರುಸಾದ ಮಳೆಕೋಟು. ಅದರ ಅಂಚನ್ನೇ ಎರಡು ಕೈಯಲ್ಲಿ ಹಿಡಿದು ಒಡ್ಡಿದೆ. ಕಣ್ಣು ಮಂಜಾಗಿ ಅವ್ವನ ಮುಖ ಕಾಣುತ್ತಿರಲಿಲ್ಲ.

"ಗೌರಿ ಹಬ್ಬದ ಹೊತ್ಗೆ ನೀನು ಯಾವ ನೀರಿನ ಮ್ಯಾಲಿರ್ತೀಯೋ" ಅಂದಳು ಅವ್ವ. "ಈಗ್ಲೇ ಇಸ್ಕೊ."